ಜುಲೈ 20ಕ್ಕೆ ನೆಟ್ ಇರಬೇಕು ಅಂದರೆ

ಚಿಕ್ಕಮಗಳೂರಿನಲ್ಲಿ ಟ್ಯಾಕ್ಸ್ ಕೆಲಸದ ಆಫೀಸು ಇಟ್ಟವರಿಗೆ ಜುಲೈ ತಿಂಗಳು ಕಷ್ಟದ್ದು. 20ರೊಳಗೆ ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಹಾಕಬೇಕು. ಮಳೆಯೂ ಅದೇ ಹೊತ್ತಿಗೆ ಹಿಡಿದುಕೊಂಡಿರುತ್ತದೆ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ. ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್.

ಆದರೂ ಕನೆಕ್ಷನ್ ತಗೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಎಂಬಿಪಿಎಸ್?’ ಅಂತಲೇ. ಮೂರು-ನಾಲ್ಕು ಜನರ ಆಫೀಸಿಗೆ ವೇಗ ದೊಡ್ಡ ಪ್ರಶ್ನೆಯೇ ಅಲ್ಲ. ಒಳ್ಳೆಯ ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಸಾಕು, ರಿಟರ್ನ್ ಹಾಕಲು ಅಷ್ಟೂ ಬೇಡ. 50ರ ಪ್ಲಾನ್ ಧಾರಾಳ. 300ರದ್ದು ಹಾಕಿಸಿದರೂ ಕೊಂಬೆ ಬಿದ್ದ ದಿನ ಸಿಗುವುದು ಸೊನ್ನೆಯೇ ಅಲ್ವಾ?

ಫೈಬರ್ ಬಂದಿರುವ ಬೀದಿಯಾದರೆ ಕಣ್ಣುಮುಚ್ಚಿ ಫೈಬರ್ ಹಾಕಿಸಿ. ಕೂದಲೆಳೆಯಷ್ಟು ಸಣ್ಣ ಗಾಜಿನೊಳಗೆ ಬೆಳಕು ಓಡುತ್ತದೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ತಾಮ್ರದ ತಂತಿಯ ಹಾಗೆ ಸಿಡಿಲಿನ ಹೊಡೆತವನ್ನು ಗಾಜು ಒಳಗೆ ಹೊತ್ತು ತರುವುದಿಲ್ಲ. ಕಂಪನಿಯಿಂದ ಬರುವ ಒಂದು ಎಳೆಯನ್ನು ದಾರಿಯಲ್ಲಿ ಸ್ಪ್ಲಿಟರ್ ಅನ್ನುವ ಪುಟ್ಟ ಡಬ್ಬಿ 32 ಅಥವಾ 64 ಗಿರಾಕಿಗಳಿಗೆ ಹಂಚುತ್ತದೆ. ಈ ಡಬ್ಬಿಗೆ ಕರೆಂಟೇ ಬೇಡ. ಹಾಗಾಗಿ ಊರೆಲ್ಲ ಕತ್ತಲಾದರೂ ಆ ತುದಿಯಲ್ಲಿ ಕಂಪನಿಯವರ ಬ್ಯಾಟರಿ, ಈ ತುದಿಯಲ್ಲಿ ನಿಮ್ಮದು ಇದ್ದರೆ ನೆಟ್ ನಡೆಯುತ್ತಲೇ ಇರುತ್ತದೆ. ರೂಟರಿನ ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 1 ಆಂಪಿಯರ್ ಅಂತಲೋ 1.5 ಅಂತಲೋ ಇರುತ್ತದೆ. ಹೆಚ್ಚೆಂದರೆ 18 ವ್ಯಾಟ್. ಇದಕ್ಕೆ ದೊಡ್ಡ ಇನ್ವರ್ಟರ್ ಯಾಕೆ? ರೂಟರಿಗೆಂದೇ ಸಿಗುವ ಅಂಗೈಯಗಲದ ಯುಪಿಎಸ್ ಸಾಕು. ಪ್ಲಾನ್ ದೊಡ್ಡದು ಮಾಡಿಸುವ ದುಡ್ಡನ್ನು ನಾನಾದರೆ ಇದಕ್ಕೆ ಹಾಕುತ್ತೇನೆ.

ಈಗ ಸ್ವಲ್ಪ ಲೆಕ್ಕ. ಒಂದು ಲೈನ್ 100ಕ್ಕೆ 99 ಪಾಲು ಹೊತ್ತು ಸರಿಯಾಗಿರುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಉಳಿದ ಆ ಒಂದು ಪಾಲು ಅಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಜಾಸ್ತಿ, ಸುಮಾರು 87 ಗಂಟೆ. ಅಂಥದ್ದೇ ಇನ್ನೊಂದು ಲೈನ್ ಇದ್ದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಸತ್ತಿರುವ ಹೊತ್ತು ನೂರರಲ್ಲಿ ಒಂದರ ನೂರರಲ್ಲಿ ಒಂದು ಪಾಲು, ಅಂದರೆ ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ 53 ನಿಮಿಷ! ಎರಡು ಸಾಧಾರಣ ಲೈನ್ ಸೇರಿ ಒಂದು ದುಬಾರಿ ಲೈನನ್ನು ಮೀರಿಸುವುದು ಹೀಗೆ.

ಆದರೆ ‘ಸಂಬಂಧವೇ ಇಲ್ಲದಿದ್ದರೆ’ ಅನ್ನುವ ಮಾತನ್ನು ಸುಮ್ನೆ ದಾಟಿ ಹೋಗಬೇಡಿ. ಎರಡು ಕಂಪನಿಯ ಫೈಬರ್ ಒಂದೇ ಕಂಬದಲ್ಲಿ ನೇತಾಡುತ್ತಿದ್ದರೆ ಒಂದೇ ಕೊಂಬೆ ಎರಡನ್ನೂ ತೆಗೆಯುತ್ತದೆ. ಆಗ ಬಿಲ್ ಎರಡು, ಕನೆಕ್ಷನ್ ಒಂದೇ. ಆಫೀಸಿನ ಹೊರಗೆ ಬಂದು ತಲೆ ಎತ್ತಿ ವೈರ್ ಎಲ್ಲಿಂದ ಬರುತ್ತದೆ ಅಂತ ನೋಡಿ. ಎರಡನೆಯದಕ್ಕೆ ಬೇರೆ ಕಂಪನಿಯ ಸಿಮ್ ಹಾಕಿದ 4ಜಿ ಅಥವಾ 5ಜಿ ರೂಟರ್ ಒಳ್ಳೆಯದು. ಅಲ್ಲೂ ಒಂದು ಸಣ್ಣ ಮೋಸವಿದೆ: ಟವರಿಗೂ ಎಷ್ಟೋ ಕಡೆ ಫೈಬರೇ ಹೋಗಿರುತ್ತದೆ, ಅದೇ ಕಂಬಗಳ ಮೇಲೆ. ಕರೆಂಟ್ ಹೋದ ಒಂದು ಮಳೆಯ ಸಂಜೆ ಮೊಬೈಲಿನಲ್ಲಿ ಯಾವ ಸಿಮ್ ನಡೆಯುತ್ತದೆ ಅಂತ ನೋಡಿ, ಅದನ್ನೇ ತಗೊಳ್ಳಿ. ರೂಟರನ್ನು ಟವರ್ ಕಡೆಯ ಕಿಟಕಿಗೆ ಇಡಿ. ನಡುವೆ ತೋಟವಿದ್ದರೆ ಒದ್ದೆ ಎಲೆಗಳು ಸಿಗ್ನಲ್ ನುಂಗುತ್ತವೆ.

ಉಪಗ್ರಹದ ನೆಟ್ ಬಗ್ಗೆಯೂ ಕೇಳುವವರಿದ್ದಾರೆ. ಪಕ್ಕದ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ನೋಡಿಕೊಳ್ಳುತ್ತಿರುವಂಥ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಬೇರೆ ಏನೂ ಸಿಗದ ತೋಟದ ಮನೆಗೆ ಸರಿ, ಪೇಟೆಯ ಆಫೀಸಿಗೆ ಬೇಡ.

ದರ ಹೋಲಿಸುವಾಗ 18% ಜಿಎಸ್‌ಟಿ ಸೇರಿಸಿಕೊಳ್ಳಿ; 499 ಅಂದದ್ದು 589 ಆಗುತ್ತದೆ. ಫೈಬರ್ ಎಳೆಯಲು ಬಂದ ಹುಡುಗನ ಹತ್ತಿರ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇರುತ್ತದೆ, ಅದನ್ನು ನಿಮ್ಮ ಮುಂದೆಯೇ ಹಾಕಿಸಿ. ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. ಅಲ್ಲಿಂದ ಪ್ರತಿ 3 ಕೆಳಗಿಳಿದಾಗಲೂ ಬೆಳಕು ಅರ್ಧವಾಗುತ್ತದೆ. ಮೈನಸ್ 27ರ ಆಚೆ ಹೋದರೆ ಲೈನ್ ನಿಲ್ಲುವುದು ಕಷ್ಟ. ಮೈನಸ್ 26 ಬಂದರೆ ಅವತ್ತು ನೆಟ್ ಓಡುತ್ತದೆ, ನಿಜ. ಆದರೆ ನಾಳೆ ಕಿಟಕಿ ಸಂದಿಯಲ್ಲಿ ವೈರ್ ಮಡಚಿಕೊಂಡರೂ ಬೆಳಕು ಸೋರಿ ರೂಟರಿನಲ್ಲಿ ಕೆಂಪು ಲೈಟ್ ಬರುತ್ತದೆ. ಜಾಯಿಂಟ್ ಮತ್ತೆ ಮಾಡಿಸಿ, ಮೀಟರ್ ಮತ್ತೆ ಹಾಕಿಸಿ, ದುಡ್ಡು ಆಮೇಲೆ ಕೊಡಿ.