ಬ್ಲೇಡ್ ಆಯ್ಕೆ: ಕಾರ್ಬನ್ ಎಷ್ಟನೆಯ ಪದರದಲ್ಲಿದೆ?

ಟೇಬಲ್ ಟೆನಿಸ್ ಬ್ಲೇಡ್ (ಬ್ಯಾಟ್‌ನಲ್ಲಿ ರಬ್ಬರ್ ಅಂಟಿಸುವ ಹಲಗೆ) ಕೊಳ್ಳಲು ಹೊರಟವರು "ಕಾರ್ಬನ್ ಬೇಕೋ, ಬರೀ ಮರದ್ದು ಸಾಕೋ?" ಎಂದು ಕೇಳುವುದು ವಾಡಿಕೆ. ಆದರೆ ಕಾರ್ಬನ್ ಬ್ಲೇಡ್ ಎನ್ನುವುದೂ ಬಹುಪಾಲು ಮರವೇ. ನಿಯಮದ ಪ್ರಕಾರ ದಪ್ಪದ ಕನಿಷ್ಠ ಶೇ. 85ರಷ್ಟು ಸಹಜ ಮರವಿರಬೇಕು. ಕಾರ್ಬನ್‌ನಂತಹ ನಾರಿನ ಒಂದು ಪದರ ಒಟ್ಟು ದಪ್ಪದ ಶೇ. 7.5 ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಷ್ಟು ತೆಳುವಾದ ಪದರ ಆಟವನ್ನೇ ಬದಲಿಸುತ್ತದೆ ಎಂದರೆ, ಅದು ಎಲ್ಲಿ ಕುಳಿತಿದೆ ಎಂಬುದನ್ನು ನೋಡಲೇಬೇಕು.

ಬಟರ್‌ಫ್ಲೈ ಕಂಪನಿಯ ಎರಡು ಬ್ಲೇಡ್‌ಗಳನ್ನು ಹೋಲಿಸೋಣ. ವಿಸ್ಕಾರಿಯಾದಲ್ಲಿ ಹೊರಗೆ ಗಟ್ಟಿಯಾದ ಕೊಟೊ ಮರ, ಅದರ ಕೆಳಗೇ ಆರಿಲೇಟ್-ಕಾರ್ಬನ್ ನಾರು, ಆಮೇಲೆ ಲಿಂಬಾ ಮರ, ನಡುವೆ ಹಗುರವಾದ ಕಿರಿ ಮರ. ಇನ್ನರ್‌ಫೋರ್ಸ್‌ನಲ್ಲಿ ಹೊರಗಿನ ಎರಡು ಪದರಗಳೂ ಮೆತ್ತನೆಯ ಲಿಂಬಾ; ಅದೇ ನಾರು ಒಳಗೆ, ಕಿರಿಗೆ ಅಂಟಿಕೊಂಡಿದೆ. ಚೆಂಡನ್ನು ಮೆಲ್ಲಗೆ ತಟ್ಟಿದಾಗ ಇನ್ನರ್‌ಫೋರ್ಸ್ ಮರದ ಬ್ಲೇಡ್‌ನಂತೆಯೇ ವರ್ತಿಸುತ್ತದೆ. ಜೋರಾಗಿ ಹೊಡೆದಾಗ ಮಾತ್ರ ಒಳಗಿನ ನಾರು ಚೆಂಡನ್ನು ತಳ್ಳುತ್ತದೆ. ನಾರು ಹೊರಗಿದ್ದರೆ ಸಣ್ಣ ಸ್ಪರ್ಶಕ್ಕೂ ಪುಟಿತ ಸಿಗುತ್ತದೆ. ಮೇಜಿಗೆ ಅಂಟಿಕೊಂಡು ಬ್ಲಾಕ್ ಮಾಡುವವರಿಗೆ, ಎದುರು ದಾಳಿಯ ವೇಗವನ್ನೇ ತಿರುಗಿಸಿ ಕೊಡುವವರಿಗೆ ಇದು ವರ. ಆದರೆ ಗಿಡ್ಡ ಸರ್ವ್‌ಗೆ ಪುಶ್ ಮಾಡುವಾಗ (ಚೆಂಡಿನ ಅಡಿಯಿಂದ ಮೆಲ್ಲಗೆ ತಳ್ಳುವಾಗ) ಅದೇ ಪುಟಿತದಿಂದ ಚೆಂಡು ಎತ್ತರಕ್ಕೇರಿ ಎದುರಾಳಿಯ ಸ್ಮ್ಯಾಶ್‌ಗೆ ತಾನಾಗಿಯೇ ಒದಗುತ್ತದೆ.

ಹಾಗಾಗಿ ಬ್ಲೇಡ್ ಪರೀಕ್ಷಿಸುವಾಗ ಸ್ಮ್ಯಾಶ್ ಹೊಡೆದು ಮರುಳಾಗಬೇಡಿ. ಯಾವ ಬ್ಲೇಡ್‌ನಲ್ಲೂ ಅದು ಚೆನ್ನಾಗಿಯೇ ಬರುತ್ತದೆ. ಗಿಡ್ಡ ಪುಶ್ ಮಾಡಿ, ನಿಧಾನವಾದ ಟಾಪ್‌ಸ್ಪಿನ್ (ಚೆಂಡಿಗೆ ಮುಂದಕ್ಕೆ ಸುತ್ತು ಕೊಡುವ ಹೊಡೆತ) ಎತ್ತಿ ನೋಡಿ. ಗುಣ ಅಲ್ಲಿ ಗೊತ್ತಾಗುತ್ತದೆ.

ದಪ್ಪದ ಲೆಕ್ಕವನ್ನೂ ಹಗುರವಾಗಿ ಕಾಣಬಾರದು. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಮರ, ಅದೇ ಜೋಡಣೆ ಇದ್ದರೂ 5.5 ಮಿ.ಮೀ. ಬ್ಲೇಡ್‌ಗಿಂತ 6 ಮಿ.ಮೀ.ಯದು ಸುಮಾರು ಶೇ. 30ರಷ್ಟು ಹೆಚ್ಚು ಬಿಗುವಾಗಿರುತ್ತದೆ. ಬರಿಯ ಬ್ಲೇಡ್ ಮೇಲೆ ಚೆಂಡನ್ನು ಪುಟಿಸಿ ಕಿವಿಗೊಡಿ: ಸದ್ದು ತೀಕ್ಷ್ಣವಾದಷ್ಟೂ ಬ್ಲೇಡ್ ಬಿಗುವು.

ಟಾಪ್‌ಸ್ಪಿನ್ ಇನ್ನೂ ಕೈಗೆ ಕೂರದವರು ಸ್ಟಿಗಾ ಕಂಪನಿಯ ಆಲ್‌ರೌಂಡ್ ಕ್ಲಾಸಿಕ್‌ನಂತಹ ಐದು ಪದರದ ಮರದ ಬ್ಲೇಡ್ ಹಿಡಿಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗವನ್ನು ತೋಳಿನಿಂದ ತರಲು ಕಲಿಸುವುದು ಅದೇ. ಚಪ್ಪಟೆಯಾಗಿ ಬಿರುಸಿನಿಂದ ಹೊಡೆಯುವವರಿಗೆ ಅದೇ ಕಂಪನಿಯ ಕ್ಲಿಪ್ಪರ್‌ನಂತಹ ಏಳು ಪದರದ್ದು ಒಗ್ಗುತ್ತದೆ.

ರಕ್ಷಣಾ ಆಟಗಾರರಿಗೆ ಅಗಲವಾದ, ನಿಧಾನಗತಿಯ ಬ್ಲೇಡ್ ಎನ್ನುವುದು ರೂಢಿ. ಆದರೂ ದಕ್ಷಿಣ ಕೊರಿಯಾದ ಜೂ ಸೆ ಹ್ಯುಕ್ ಅವರನ್ನು ನೆನೆಯಿರಿ. ದೂರದಿಂದ ಚಾಪ್ ಮಾಡುತ್ತಲೇ (ಚೆಂಡನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದಂತೆ ಹೊಡೆದು ಹಿಂದಕ್ಕೆ ಸುತ್ತು ಕೊಡುತ್ತಲೇ), ಅವಕಾಶ ಸಿಕ್ಕೊಡನೆ ಫೋರ್‌ಹ್ಯಾಂಡ್ ದಾಳಿಗೆ ನುಗ್ಗುವ ಆಟದಿಂದ ಅವರು 2003ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ಆ ಬಗೆಯ ಆಟ ಬಯಸುವವರು ತೀರಾ ಸತ್ತಂತಿರುವ ಬ್ಲೇಡ್ ಕೊಂಡರೆ ಅರ್ಧ ಆಟವನ್ನೇ ಬಿಟ್ಟುಕೊಟ್ಟಂತೆ.

ತೂಕ: ಒಂದೇ ಮಾದರಿಯ ಎರಡು ಬ್ಲೇಡ್‌ಗಳ ನಡುವೆಯೇ ಕೆಲವು ಗ್ರಾಂ ವ್ಯತ್ಯಾಸವಿರುತ್ತದೆ. ತೂಗಿಸಿಯೇ ಕೊಳ್ಳಿ, ರಬ್ಬರ್‌ಗಳ ಭಾರ ಆಮೇಲೆ ಸೇರುವುದನ್ನು ಮರೆಯಬೇಡಿ. ಹಿಡಿಯ ಆಕಾರ ಬಹುಪಾಲು ಅಂಗೈಗೆ ಬಿಟ್ಟ ವಿಷಯ. ಆದರೆ ಒಂದು ಬದಿಗೆ ಉದ್ದ ಮುಳ್ಳಿನ ರಬ್ಬರ್ (ಮೇಲ್ಮೈಯಲ್ಲಿ ಉದ್ದನೆಯ ಉಬ್ಬುಗಳಿರುವ ರಬ್ಬರ್) ಹಾಕಿ, ಆಟದ ನಡುವೆ ಬ್ಯಾಟ್ ತಿರುಗಿಸುವ ಅಭ್ಯಾಸವಿರುವವರಿಗೆ ನೇರ ಹಿಡಿಯೇ ಸಲೀಸು. ತುದಿ ಅಗಲವಾದ ಹಿಡಿ ಬೆರಳುಗಳ ನಡುವೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ.