ಲೊಕೇಶನ್ ಕಳಿಸಿ ಅಂದವರಿಗೆ

ಹೋದ ಅಕ್ಟೋಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೇ ತೀರ್ಥಹಳ್ಳಿ ಕಡೆಯಿಂದ ದೊಡ್ಡಮ್ಮ ಫೋನ್ ಮಾಡಿದರು. "ಅಂಗಳದಲ್ಲಿ ಎಂಥದೋ ಹಕ್ಕಿ ಬಿದ್ಕೊಂಡಿದೆ ಮಾರಾಯ. ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡ ಕೆಂಪು. ಬಾಲ ಮಾತ್ರ ಇಲ್ಲ. ಬೆಕ್ಕು ಕಿತ್ತುಹಾಕಿದೆಯೋ ಏನೋ."

ಬೆಕ್ಕಿನ ತಪ್ಪಿರಲಿಲ್ಲ. ಅದು ನವರಂಗ. ಅದರ ಬಾಲವೇ ಅಷ್ಟು. ಮುಟ್ಟಿದರೂ ಹಾರದಷ್ಟು ಸುಸ್ತಾಗಿತ್ತು. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಹಳೇ ಬಟ್ಟೆ ಹಾಸಿ, ಕತ್ತಲೆ ಕೋಣೆಯಲ್ಲಿಡಿ, ಬಾಯಿಗೆ ನೀರು ಬಿಡೋಕೆ ಹೋಗಬೇಡಿ ಅಂದೆ. ಸಂಜೆ ಪೆಟ್ಟಿಗೆಯನ್ನು ತೋಟದ ಅಂಚಿಗೆ ಒಯ್ದು ಮುಚ್ಚಳ ತೆಗೆದರೆ, ಒಂದು ನಿಮಿಷ ಸುಮ್ನೆ ಕೂತಿದ್ದು, ಆಮೇಲೆ ಕುಪ್ಪಳಿಸಿಕೊಂಡು ಏಲಕ್ಕಿ ಹಿಂಡಿಲಿನೊಳಗೆ ಹೋಯಿತಂತೆ.

ನಾನು ಮಾಡಿದ ತಪ್ಪು ಅಂದರೆ ಅಣ್ಣ ತೆಗೆದ ಫೋಟೋವನ್ನು ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿದ್ದು. ಅರ್ಧ ಗಂಟೆಯಲ್ಲಿ ಸಾಲಾಗಿ ಒಂದೇ ಮಾತು: "ಲೊಕೇಶನ್ ಕಳಿಸಿ." ಯಾವ ಲೊಕೇಶನ್ ಕಳಿಸಲಿ? ರಾತ್ರಿಯೆಲ್ಲ ಹಾರಿ ಬೆಳಗಿನ ಜಾವ ಶಕ್ತಿ ಮುಗಿದಲ್ಲಿ ಇಳಿದ ಹಕ್ಕಿ ಅದು. ಬಿದ್ದ ಜಾಗ ದೊಡ್ಡಮ್ಮನ ಅಂಗಳ ಆಗಿತ್ತು ಅಷ್ಟೇ, ಪಕ್ಕದ ಮನೆಯ ದನದ ಕೊಟ್ಟಿಗೆಯೂ ಆಗಬಹುದಿತ್ತು.

ನವರಂಗಗಳು ಹೆಚ್ಚಾಗಿ ಮರಿ ಮಾಡುವುದು ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ. ಮಳೆಗಾಲ ಮುಗಿಯುತ್ತಿದ್ದಂತೆ ದಕ್ಷಿಣಕ್ಕೆ ಹೊರಡುತ್ತವೆ, ಅದೂ ರಾತ್ರಿ ಹೊತ್ತು. ಹೆಚ್ಚೂಕಡಿಮೆ ಐವತ್ತು ಗ್ರಾಂ ತೂಕದ ಜೀವ. ದಾರಿಯಲ್ಲಿ ಪೇಟೆಯ ದೀಪಗಳು ಎದುರಾದರೆ ಗಲಿಬಿಲಿಯಾಗಿ ಗೋಡೆಗೆ, ಗಾಜಿಗೆ ಬಡಿದುಕೊಳ್ಳುತ್ತವೆ. ಅಕ್ಟೋಬರ್ ಬಂತೆಂದರೆ ಮನೆಯೊಳಗೆ ಬಣ್ಣದ ಹಕ್ಕಿ ಬಂತು ಅನ್ನೋ ಸುದ್ದಿ ಬರೋದು ಅದಕ್ಕೇ. ಹಾಗಂತ ಇದನ್ನು ನೋಡಲು ಯಾರದೋ ಅಂಗಳಕ್ಕೆ ಓಡಬೇಕಾಗಿಲ್ಲ. ನವೆಂಬರ್‌ನಿಂದ ಮಾರ್ಚ್ ತನಕ ತರಗೆಲೆ ದಪ್ಪಗೆ ಬಿದ್ದಿರುವ ಯಾವುದಾದರೂ ಸೊಪ್ಪಿನಬೆಟ್ಟದ ಅಂಚಿನಲ್ಲಿ ಬೆಳಿಗ್ಗೆ ಆರಕ್ಕೋ ಸಂಜೆ ಆರಕ್ಕೋ ಕೂತುನೋಡಿ. ಎರಡೇ ಸ್ವರದ ಒಂದು ಸಿಳ್ಳು ಕೇಳುತ್ತದೆ. ತಮಿಳರು ಇದನ್ನು ಆರು ಗಂಟೆ ಗುಬ್ಬಿ ಅಂತಲೇ ಕರೆಯುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಲೊಕೇಶನ್ ಇಲ್ಲ. ಹೆಸರಿನಲ್ಲೇ ಟೈಮು ಬರೆದಿಟ್ಟಿದ್ದಾರೆ.

ಅಪರೂಪ ಅನ್ನೋ ಮಾತನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ದಾರಿ ತಪ್ಪಿ ಬಂದ ಹಕ್ಕಿ ಅಪರೂಪ. ಇಲ್ಲೇ ಇದ್ದೂ ಕಣ್ಣಿಗೆ ಬೀಳದ್ದು ಅಪರೂಪ. ನಮ್ಮ ಕೆರೆಯಲ್ಲಿ ಗುಂಪುಗುಂಪಾಗಿದ್ದರೂ ಲೋಕದಲ್ಲಿ ಕಮ್ಮಿಯಾಗುತ್ತಿರುವುದೂ ಅಪರೂಪವೇ. ಇವು ಮೂರೂ ಬೇರೆ ಬೇರೆ. ಹುಡುಕುವ ರೀತಿಯೂ ಬೇರೆ.

ದಾರಿ ತಪ್ಪಿದವುಗಳ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಪರ್ಡೆಕ್ ಎಂಬ ಡಚ್ ವಿಜ್ಞಾನಿ ಹೇಗ್ ನಗರದ ಹತ್ತಿರ ವಲಸೆ ಹೊರಟಿದ್ದ ಸ್ಟಾರ್ಲಿಂಗ್ ಹಕ್ಕಿಗಳನ್ನು ಹಿಡಿಸಿದರು. ಸ್ಟಾರ್ಲಿಂಗ್ ಅಂದರೆ ನಮ್ಮ ಗೊರವಂಕದ ದಾಯಾದಿ. ಒಂದೆರಡಲ್ಲ, ಸುಮಾರು 11,000 ಹಕ್ಕಿ. ಕಾಲಿಗೆ ಉಂಗುರ ಹಾಕಿ, ವಿಮಾನದಲ್ಲಿ ಸ್ವಿಟ್ಜರ್‌ಲೆಂಡಿಗೆ ಸಾಗಿಸಿ, ಅಲ್ಲಿ ಬಿಟ್ಟರು. ದೊಡ್ಡ ಹಕ್ಕಿಗಳು ಎಲ್ಲೋ ಎಡವಟ್ಟಾಗಿದೆ ಅಂತ ತಿಳಿದು ದಿಕ್ಕು ಬದಲಿಸಿ, ಪ್ರತಿ ವರ್ಷ ಹೋಗುವ ಊರಿನ ಕಡೆಗೇ ಹೊರಟವು. ಮೊದಲ ಸಲ ಹೊರಟಿದ್ದ ಮರಿಗಳು ಮಾತ್ರ ಹುಟ್ಟಿನಿಂದ ಬಂದ ದಿಕ್ಕನ್ನು ಬಿಡಲಿಲ್ಲ. ಅದೇ ನೇರಕ್ಕೆ ಹಾರಿ ಫ್ರಾನ್ಸಿನ ದಕ್ಷಿಣಕ್ಕೆ, ಸ್ಪೇನ್‌ಗೆ ಹೋಗಿ ಸೇರಿದವು. 1958ರಲ್ಲಿ ಇದು ಪ್ರಕಟವಾಯಿತು. ದಿಕ್ಕು ಹುಟ್ಟಿನಿಂದ ಬರುತ್ತದೆ, ದಾರಿ ಅನುಭವದಿಂದ ಬರುತ್ತದೆ. ಗಾಳಿ ಒಂದಷ್ಟು ದೂರ ಪಕ್ಕಕ್ಕೆ ತಳ್ಳಿದರೆ ಮರಿಗೆ ಅದು ಗೊತ್ತೇ ಆಗುವುದಿಲ್ಲ. ಊರಿಗೆ ಹೊಸ ಹಕ್ಕಿ ಬಂತು ಅಂತ ನಾವು ಕ್ಯಾಮೆರಾ ಹೊತ್ತು ಓಡುವಾಗ ಬಹಳ ಸಲ ಅಲ್ಲಿರೋದು ಹೀಗೆ ಮೊದಲ ಸಲ ಮನೆ ಬಿಟ್ಟ ಮರಿ. ಇನ್ನು ಜೂನ್-ಜುಲೈ ಗಾಳಿಗೆ ನಡುಗಡಲ ಹಕ್ಕಿಗಳು ಕರಾವಳಿಗೆ ಬಂದು ಬೀಳುವುದುಂಟು, ಕೆಲವು ಇನ್ನೂ ಒಳಗೆ ಬಂದುಬಿಡುತ್ತವೆ. ಇಂಥವನ್ನು ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಅವೇ ಬರಬೇಕು.

ಅಮುರ್ ಚಾಣದ ಕಥೆ ಹಾಗಲ್ಲ. ಸೈಬೀರಿಯಾ, ಉತ್ತರ ಚೀನಾದಲ್ಲಿ ಹುಟ್ಟುವ ಈ ಪುಟ್ಟ ಬೇಟೆಹಕ್ಕಿ ನಾಗಾಲ್ಯಾಂಡ್, ಮಣಿಪುರಗಳಲ್ಲಿ ತಂಗಿ, ಹೊಟ್ಟೆ ತುಂಬಿಸಿಕೊಂಡು, ದಕ್ಷಿಣ ಭಾರತ ದಾಟಿ, ಅರಬ್ಬೀ ಸಮುದ್ರವನ್ನು ಒಂದೇ ಓಟದಲ್ಲಿ ಹಾರಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ತೂಕ ಇನ್ನೂರು ಗ್ರಾಂಗಿಂತ ಕಮ್ಮಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮ ಗದ್ದೆ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಗಳ ಒಂದು ಜಾತಿಯೂ ಭಾರತದಿಂದ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ ಅಂತ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞ 2009ರಲ್ಲಿ ವಾದಿಸಿದರು. ಚಾಣಗಳಿಗೆ ಅವೇ ದಾರಿಬುತ್ತಿ ಆಗಿರಬಹುದು ಅನ್ನೋದು ಅವರ ಊಹೆ. ನವೆಂಬರ್ ಕೊನೆಗೆ ಕೊಡಚಾದ್ರಿ ಹತ್ತಿದರೆ ಸೂರ್ಯಾಸ್ತದ ಸೆಲ್ಫಿ ಮುಗಿದ ಮೇಲಾದರೂ ತಲೆಯ ಮೇಲೆ ಒಮ್ಮೆ ನೋಡಿ. ಸಿಗುತ್ತದೆ ಅಂತ ಮಾತು ಕೊಡಲಾರೆ.

ಇಲ್ಲೇ ಇದ್ದೂ ಸಿಗದ ಹಕ್ಕಿಗಳಲ್ಲಿ ನನಗೆ ದೊಡ್ಡದು ಕಪ್ಪೆಬಾಯಿ ಹಕ್ಕಿ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಕಾಲಕ್ಕೆ ತೀರಾ ಅಪರೂಪ ಅಂತಿದ್ದರು. ಆಮೇಲೆ ಕೂಗು ಗುರುತಾಯಿತು ನೋಡಿ, ಘಟ್ಟದ ಉದ್ದಕ್ಕೂ ಸಿಗತೊಡಗಿತು. ಹಗಲಲ್ಲಿ ಇದು ಜೋಡಿಯಾಗಿ ಬಿದಿರಿನ ಮೆಳೆಯಲ್ಲೋ ಬೆತ್ತದ ಬಳ್ಳಿಯಲ್ಲೋ ಒತ್ತಿಕೊಂಡು ಕೂತಿರುತ್ತದೆ. ಗಂಡು ಬೂದಿ ಬಣ್ಣ, ಹೆಣ್ಣು ಒಣಗಿದ ಎಲೆಯ ಕಂದು. ಎರಡಡಿ ದೂರದಲ್ಲಿ ನಿಂತರೂ ಒಣ ಎಲೆಯ ಗೊಂಚಲು ಅಂದುಕೊಂಡು ಮುಂದೆ ಹೋಗುತ್ತೇವೆ. ನಾನು ಎಷ್ಟು ಸಲ ಹಾಗೆ ಹೋಗಿದ್ದೇನೋ ಲೆಕ್ಕವಿಲ್ಲ. ಪಾಚಿ, ಕಲ್ಲುಹೂವು, ತನ್ನದೇ ಪುಕ್ಕ ಸೇರಿಸಿ ಅಂಗೈಗಿಂತ ಚಿಕ್ಕ ಗೂಡು ಕಟ್ಟಿ ಒಂದೇ ಮೊಟ್ಟೆ ಇಡುತ್ತದೆ. ಹಗಲು ಪಾಳಿ ಗಂಡಿನದು, ರಾತ್ರಿ ಪಾಳಿ ಹೆಣ್ಣಿನದು. ಆಗುಂಬೆ ಸುತ್ತಿನ ಕಾಡು, ಶರಾವತಿ ಕಣಿವೆ ಇವೆಲ್ಲ ಇದರ ಜಾಗ. ಆದರೆ ಕಣ್ಣಿನಿಂದ ಹುಡುಕಿದರೆ ಕೆಲಸ ಕೆಟ್ಟಿತು. ಕತ್ತಲಾದ ಮೇಲೆ ರಸ್ತೆ ಬದಿ ನಿಂತು ಕೇಳಬೇಕು. ಯಾರೋ ಗಂಟಲು ಹರಿಯುವ ಹಾಗೆ ಕರ್ಕಶವಾಗಿ ಕಿರುಚಿ, ಸ್ವರ ಇಳಿಸಿ ನಿಲ್ಲಿಸಿದರೆ ಅದು ಹೆಣ್ಣು. ಮೊದಲ ಸಲ ಕೇಳಿದಾಗ ನನ್ನ ಜೊತೆಗಿದ್ದ ಭಾವ ಬೈಕ್ ಸ್ಟಾರ್ಟ್ ಮಾಡಿಯೇಬಿಟ್ಟಿದ್ದರು.

ಕಾಕರಣೆ ಹಕ್ಕಿಯ ಆಟ ಇನ್ನೊಂದು ತರ. ಗಂಡಿನ ಹೊಟ್ಟೆ ಕೆಂಡದಂತೆ ಕೆಂಪು. ಅಷ್ಟು ಕೆಂಪು ಇಟ್ಟುಕೊಂಡು ಹೇಗೆ ಅಡಗುತ್ತದೆ? ನಮಗೆ ಬೆನ್ನು ಹಾಕಿ ಕೂರುತ್ತದೆ, ಅಷ್ಟೇ. ಕಂದು ಬೆನ್ನು ಕಾಡಿನ ನೆರಳಿನಲ್ಲಿ ಕರಗಿಹೋಗುತ್ತದೆ. ಇದಕ್ಕೆ ನನ್ನ ಉಪಾಯ ಅಂದರೆ ಕಾಜಾಣದ ಬೆನ್ನು ಹತ್ತುವುದು. ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಹತ್ತಾರು ಜಾತಿಯ ಹಕ್ಕಿಗಳು ಒಟ್ಟಾಗಿ ಹುಳ ಹುಡುಕುತ್ತಾ ಕಾಡಿನಲ್ಲಿ ಸಾಗುತ್ತವೆ, ಕಾಜಾಣ ಅದರ ಕಾವಲುಗಾರ. ಆ ಸಂತೆಯ ಹಿಂದೆ, ಸ್ವಲ್ಪ ಕೆಳಗೆ, ಮಾತಾಡದೆ ಬರುವವನೇ ಕಾಕರಣೆ.

ಮಳೆಗಾಲಕ್ಕೇ ಅಂತ ಒಂದು ಹಕ್ಕಿ ಇದೆ, ಮೂರು ಬೆರಳಿನ ಮಿಂಚುಳ್ಳಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಹಳದಿ, ಕಿತ್ತಳೆ, ನೇರಳೆ, ನೀಲಿ ಎಲ್ಲ ಇದೆ. ಮಿಂಚುಳ್ಳಿ ಅಂತ ಹೊಳೆ ಬದಿ ಕಾಯುತ್ತಾ ಕೂತರೆ ಸಿಗದು, ಇದು ಹೆಚ್ಚಾಗಿ ಕಾಡಿನೊಳಗಿನ ಸಣ್ಣ ಹಳ್ಳಗಳಲ್ಲಿ ಹಲ್ಲಿ, ಏಡಿ, ಜೇಡ ಹಿಡಿದು ಬದುಕುತ್ತದೆ. ದರೆಯ ಮಣ್ಣಿನಲ್ಲಿ ಬಿಲ ತೋಡಿ ಗೂಡು ಮಾಡುತ್ತದೆ. ಮಣ್ಣು ಮೆತ್ತಗಾಗದೆ ಬಿಲ ತೋಡಲಾಗುವುದಿಲ್ಲ, ಮೆತ್ತಗಾಗೋದು ಜೂನ್‌ನಲ್ಲಿ. ಅದೇ ಹೊತ್ತಿಗೆ ದರೆ ಜರಿಯುತ್ತದೆ ಅಂತ ಜೆಸಿಬಿಯೂ ಬರುತ್ತದೆ. ಹೋಗುವುದಿದ್ದರೆ ಉಂಬಳಕ್ಕೆ (ಕಾಡಿನ ಜಿಗಣೆಗೆ) ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ. ಬಿಲದ ಎದುರು ಮಾತ್ರ ನಿಲ್ಲಬೇಡಿ. ನಾವು ನಿಂತಿರುವಷ್ಟು ಹೊತ್ತೂ ಮರಿಗೆ ಊಟ ಇಲ್ಲ.

ಇನ್ನು ಭದ್ರಾ ಹಿನ್ನೀರಿನ ರೀವ ಹಕ್ಕಿಗಳು, ಅಂದರೆ ರಿವರ್ ಟರ್ನ್. ಇವನ್ನು ಅಪರೂಪ ಅಂದರೆ ಲಕ್ಕವಳ್ಳಿಯವರು ನಕ್ಕಾರು, ಯಾಕೆಂದರೆ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಇರುತ್ತವೆ. ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲು ಬಾಲ. ಆದರೆ ಲೋಕದ ಲೆಕ್ಕದಲ್ಲಿ ಇದು ಅಪಾಯದ ಪಟ್ಟಿಗೆ ಸೇರಿದ ಹಕ್ಕಿ. ಮೆಕಾಂಗ್ ನದಿಯ ಕಡೆ ತೀರಾ ಕಡಿಮೆಯಾಗಿದೆ. ಮೂಲತಃ ಇದು ಹೊಳೆಯ ಮರಳುದಿಣ್ಣೆಯ ಮೇಲೆ ಮೊಟ್ಟೆ ಇಡುವ ಹಕ್ಕಿ. ಅಣೆಕಟ್ಟು ಬಂತು, ಮರಳಿನ ಲಾರಿ ಬಂತು, ದಿಣ್ಣೆ ಹೋಯಿತು.

ತಮಾಷೆ ಅಂದರೆ, ಭದ್ರಾದಲ್ಲಿ ಇವಕ್ಕೆ ಜಾಗ ಕೊಟ್ಟದ್ದೂ ಅಣೆಕಟ್ಟೇ. ಮಳೆಗಾಲದಲ್ಲಿ ಹಿನ್ನೀರು ತುಂಬಿ ಗುಡ್ಡಗಳ ನೆತ್ತಿ ಮುಳುಗುತ್ತದೆ. ವರ್ಷದಲ್ಲಿ ಅಷ್ಟು ತಿಂಗಳು ನೀರಿನಡಿ ಇರುವ ಮಣ್ಣಿನಲ್ಲಿ ಪೊದೆ ಬೆಳೆಯುವುದಿಲ್ಲ. ಜನವರಿ ನಂತರ ನಾಲೆಗೆ ನೀರು ಬಿಟ್ಟ ಹಾಗೆ ಆ ನೆತ್ತಿಗಳು ಬೋಳು ದ್ವೀಪಗಳಾಗಿ ಏಳುತ್ತವೆ. ಸುತ್ತ ನೀರು, ಆದ್ದರಿಂದ ನರಿ ಬರಲಾರದು, ನಾಯಿ ಬರಲಾರದು. ರೀವಗಳು ನೆಲವನ್ನು ಎದೆಯಿಂದ ಒತ್ತಿ ಒಂದು ಗುಳಿ ಮಾಡಿ, ಎರಡೋ ಮೂರೋ ಮೊಟ್ಟೆ ಇಟ್ಟು, ಏಪ್ರಿಲ್ ಬಿಸಿಲಿನಲ್ಲಿ ರೆಕ್ಕೆ ಅರಳಿಸಿ ನೆರಳು ಹಿಡಿಯುತ್ತವೆ. ಹೊಟ್ಟೆಯ ಗರಿ ನೀರಿನಲ್ಲಿ ನೆನೆಸಿ ತಂದು ಮೊಟ್ಟೆ ತಂಪು ಮಾಡುವುದೂ ಉಂಟು. ಮೊಟ್ಟೆಗೆ ಕಾವು ಕೊಡೋದು ಗೊತ್ತಿತ್ತು, ತಂಪು ಕೊಡೋದು ನನಗೆ ಹೊಸದಾಗಿತ್ತು.

ಹಾಗಾಗಿ ಈ ಹಕ್ಕಿಯ ಹಣೆಬರಹ ನೀರಿನ ಮಟ್ಟದಲ್ಲಿದೆ. ನಾಲೆಗೆ ಜಾಸ್ತಿ ನೀರು ಹೋಗಿ ಹಿನ್ನೀರು ತೀರಾ ಇಳಿದರೆ ದ್ವೀಪ ದಡಕ್ಕೆ ಸೇರಿಕೊಂಡು ನಾಯಿ ನಡೆದುಕೊಂಡೇ ಬರುತ್ತದೆ. ಮುಂಗಾರು ಬೇಗ ಹೊಡೆದು ನೀರು ಏರಿದರೆ ಮೊಟ್ಟೆ ಮುಳುಗುತ್ತದೆ. ಎರಡರ ನಡುವಿನ ಕೆಲವೇ ವಾರಗಳಲ್ಲಿ ಇಡೀ ಸಂಸಾರ ಮುಗಿಸಬೇಕು. ನೋಡಲು ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ. ಲಕ್ಕವಳ್ಳಿಯಿಂದ ದೋಣಿ ಸಿಗುತ್ತದೆ. ದ್ವೀಪದ ಹತ್ತಿರ ಹೋಗು ಅಂತ ದೋಣಿಯವರಿಗೆ ದುಂಬಾಲು ಬೀಳಬೇಡಿ. ಹಕ್ಕಿ ಎದ್ದು ಹಾರಿ ದೂರ ಉಳಿದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ.

ಮಂಡಗದ್ದೆ, ಗುಡವಿ ಬಗ್ಗೆ ಹೇಳಲಿಲ್ಲ ಅಂತ ಬೈಯಬೇಡಿ. ಜುಲೈಯಿಂದ ಅಕ್ಟೋಬರ್ ತನಕ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಸೊರಬದ ಗುಡವಿ ಕೆರೆಯಲ್ಲಿ ಕೆಂಬರಲು, ಚಮಚ ಕೊಕ್ಕಿನ ಹಕ್ಕಿ. ಮಕ್ಕಳನ್ನು ಕರೆದುಕೊಂಡು ಹೋಗಲು ಇವೆರಡೇ ವಾಸಿ, ಯಾಕೆಂದರೆ ಹಕ್ಕಿ ಖಂಡಿತಾ ಕಾಣುತ್ತದೆ.

ಸೊರಬ ಅಂದಾಗ ಒಂದು ಎಚ್ಚರಿಕೆ. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಾಡುಗಳಲ್ಲಿ ಉಣುಗಿನ (ಉಣ್ಣಿಯ) ಕಾಟ, ಅದರಿಂದ ಮಂಗನ ಕಾಯಿಲೆ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಲಿಡಬೇಡಿ. ತುಂಬು ತೋಳಿನ ಅಂಗಿ ಹಾಕಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ. ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ ನೋಡಿದರೆ ರಷ್ಯಾ ಕಡೆಯ ಒಂದು ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಅಷ್ಟು ದೂರದಿಂದ ಇಲ್ಲಿಗೆ ತಂದವರು ಯಾರು? ಅನುಮಾನ ವಲಸೆ ಹಕ್ಕಿಗಳ ಮೇಲೆ ಹೋಯಿತು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. 1959ರಲ್ಲಿ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ಹಾಕತೊಡಗಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ದೇಶಕ್ಕೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅನ್ನೋ ತಿಳಿವಳಿಕೆಯಲ್ಲಿ ಬಹಳಷ್ಟು ಸಿಕ್ಕಿದ್ದು ಆ ಉಂಗುರಗಳಿಂದ. ಸತ್ತ ಹಕ್ಕಿ ಸಿಕ್ಕಿದವರು ಉಂಗುರದ ನಂಬರನ್ನು ಬಾಂಬೆಗೆ ಬರೆದು ತಿಳಿಸಬೇಕು, ಅದನ್ನೂ ಉಂಗುರದ ಮೇಲೇ ಕೆತ್ತಿರುತ್ತಿತ್ತು.

ಆವತ್ತು ದೊಡ್ಡಮ್ಮನ ಹತ್ತಿರವೂ ಕೇಳಿದ್ದೆ, ಕಾಲಲ್ಲಿ ಬಳೆ ತರ ಏನಾದರೂ ಇತ್ತಾ ಅಂತ.

"ಹಕ್ಕಿಗೆ ಯಾರಾ ಬಳೆ ಹಾಕ್ತಾರೆ?"

ಸೊರಬದ ಮಂಗಗಳ ದೆಸೆಯಿಂದ ಹಾಕಿದ್ದರು ದೊಡ್ಡಮ್ಮ, ಅಂದೆ. ಅಣ್ಣನ ಕೈಗೆ ಫೋನ್ ಕೊಟ್ಟು ಹಾಲು ಕರೆಯಲು ಹೋದರು.