ವರ್ಕ್‌ಸ್ಟೇಷನ್‌ಗೆ ರ್ಯಾಮ್ ಹಾಕಿಸಲು ನಿಜಕ್ಕೂ ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವಿಡಿಯೊ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶ, ಯಕ್ಷಗಾನದ ರೆಕಾರ್ಡಿಂಗ್ ಮಾಡುತ್ತೇನೆ. ಎಡಿಟಿಂಗ್‌ಗೆ ಸೆಕೆಂಡ್‌ಹ್ಯಾಂಡ್ ಎಚ್‌ಪಿ ಝಡ್440 ವರ್ಕ್‌ಸ್ಟೇಷನ್ ತೆಗೆದುಕೊಂಡಿದ್ದೇನೆ. 8 ಜಿಬಿಯ ಎರಡು ಸ್ಟಿಕ್, ಒಟ್ಟು 16 ಜಿಬಿ ರ್ಯಾಮ್ ಇದೆ. ಕೆಲಸ ಮಾಡುವಾಗ ನಿಂತು ನಿಂತು ಹೋಗುತ್ತದೆ. 64 ಜಿಬಿ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಾಸರಗೋಡಿನಲ್ಲಿ ಒಂದು ರೇಟು, ಮಂಗಳೂರಿನಲ್ಲಿ ಇನ್ನೊಂದು, ಆನ್‌ಲೈನಿನಲ್ಲಿ ಮತ್ತೊಂದು. ಎಷ್ಟು ಕೊಡಬಹುದು?

ಉತ್ತರ: ಕುಂಬಳೆಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವವರೂ ಉಪ್ಪಳದಲ್ಲಿ ಮನೆ ಪ್ಲಾನ್ ಬರೆಯುವವರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಮೊದಲು ದುಡ್ಡಿನ ಮಾತು ಆಡಿಬಿಡೋಣ.

2025ರ ಮಧ್ಯದವರೆಗೆ 16 ಜಿಬಿಯ ಒಂದು ಸಾಧಾರಣ ಡೆಸ್ಕ್‌ಟಾಪ್ ಸ್ಟಿಕ್ ಮೂರರಿಂದ ಐದು ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು. ವರ್ಷದ ಕೊನೆಗೆ ಅದೇ ಸ್ಟಿಕ್‌ಗೆ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು ಆಯಿತು. ಆ ಹಳೇ ರೇಟನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ನಮ್ಮನ್ನು ಮೋಸ ಮಾಡ್ತಾ ಇದ್ದಾರೆ ಅಂತಲೇ ಅನಿಸುತ್ತದೆ. ಮೋಸ ಅಲ್ಲ, ಮಾಲೇ ದುಬಾರಿಯಾಗಿದೆ.

ಜಗತ್ತಿನ ರ್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿಗಳು. ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಎಂಬ ಬೇರೆ ಬಗೆಯ ಮೆಮೊರಿ ಬೇಕು, ಅದರಲ್ಲಿ ಲಾಭವೂ ಜಾಸ್ತಿ. ಮೂವರೂ ಆ ಕಡೆ ಹೊರಳಿದರು. ನಮ್ಮಂಥವರ ಕಂಪ್ಯೂಟರಿಗೆ ಬರುವ ಮಾಲು ಕಮ್ಮಿಯಾಯಿತು. ಮೈಕ್ರಾನ್ ಅಂತೂ ಕ್ರೂಶಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುತ್ತೇವೆ ಅಂತ 2025ರ ಡಿಸೆಂಬರಿನಲ್ಲಿ ಹೇಳಿತು. ನಿಮ್ಮ ಮೆಷಿನಿನಲ್ಲಿರುವಂಥ ಹಳೆಯ ತಲೆಮಾರಿನ ರ್ಯಾಮ್ ಡಿಡಿಆರ್4ರ ತಯಾರಿಯನ್ನೂ ಕಂಪನಿಗಳು ಇಳಿಸುತ್ತಾ ಬಂದವು, ಹಾಗಾಗಿ ಹಳೇದಾದರೂ ಅಗ್ಗ ಅನ್ನುವ ಹಾಗಿಲ್ಲ.

ಅಡಿಕೆ ಧಾರಣೆ ನೋಡಿ ಬೆಳೆದ ಊರು ನಮ್ಮದು. ಇವತ್ತಿನ ರೇಟು ಮುಂದಿನ ವಾರ ಇರುವುದಿಲ್ಲ ಎಂಬುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಇಳಿಯುವ ತನಕ ಕಾಯೋಣ ಅಂದರೆ ಮದುವೆ ಸೀಸನ್ ಕಾಯುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ಬೇಕಾದಷ್ಟನ್ನೇ ಕೊಳ್ಳಿ. ಎಷ್ಟು ಬೇಕು ಅಂತ ತಿಳಿಯಲು ಮೊದಲು ಅಳೆಯಿರಿ. ಅಳೆಯುವುದಕ್ಕೆ ಒಂದು ರೂಪಾಯಿಯೂ ಬೇಡ.

ನಿಮ್ಮ ಅತಿ ಭಾರದ ಪ್ರಾಜೆಕ್ಟ್ ತೆರೆಯಿರಿ. ರಾತ್ರಿಯಿಡೀ ನಡೆದ ಆಟದ, ಮೂರು ಕ್ಯಾಮೆರಾದ ಟೈಮ್‌ಲೈನ್ ಇದ್ದರೆ ಅದೇ ಆಗಲಿ. ಪಕ್ಕದಲ್ಲಿ ಫೋಟೊಶಾಪ್, ಬ್ರೌಸರ್ ಎಲ್ಲ ದಿನಾ ಇರುವ ಹಾಗೆಯೇ ಇರಲಿ. ಅರ್ಧ ಗಂಟೆ ಕೆಲಸ ಮಾಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿದರೆ ಕೆಳಗೆ ಕಮಿಟೆಡ್ ಅಂತ ಎರಡು ಅಂಕಿ ಕಾಣುತ್ತದೆ. ಮೊದಲನೆಯದನ್ನು ನೋಡಿ. ಅದು 16 ದಾಟಿ 25ರ ಹತ್ತಿರ ನಿಂತಿದ್ದರೆ ರ್ಯಾಮ್ ಸಾಲುತ್ತಿಲ್ಲ. ಹಿಡಿಸದೆ ಉಳಿದದ್ದನ್ನು ವಿಂಡೋಸ್ ಡಿಸ್ಕಿಗೆ ಹೊತ್ತು ಹಾಕುತ್ತಾ, ತಿರುಗಿ ತರುತ್ತಾ ಇರುತ್ತದೆ. ನಿಂತು ನಿಂತು ಹೋಗುವುದು ಅದಕ್ಕೇ. ಆ ಅಂಕಿ 12-13ರಲ್ಲೇ ಇದ್ದೂ ವಿಡಿಯೊ ತಡವರಿಸಿದರೆ ಕಾರಣ ಬೇರೆ, ರ್ಯಾಮ್‌ಗೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ.

ಝಡ್440ರಲ್ಲಿ ಆ ಬೇರೆ ಕಾರಣವೂ ಇರಬಹುದು. ಇದು 2014ರಲ್ಲಿ ಬಂದ ಮಾಡೆಲ್, ಒಳಗಿರುವುದು ಕ್ಸಿಯಾನ್ ಇ5 ಪ್ರೊಸೆಸರ್. ಇದರಲ್ಲಿ ಒಳಗೇ ಕೂತ ಗ್ರಾಫಿಕ್ಸ್ ಇಲ್ಲ. ಈಗಿನ ಡ್ರೋನ್, ಮೊಬೈಲುಗಳು ಕೊಡುವ ಎಚ್.265 ವಿಡಿಯೊವನ್ನು (ಜಾಗ ಉಳಿಸಲು ತುಂಬ ಕುಗ್ಗಿಸಿದ್ದು) ಬಿಡಿಸಿ ತೋರಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಬರುತ್ತದೆ, ಅದಕ್ಕೆ ಆಗದಿದ್ದರೆ ಪ್ರೊಸೆಸರ್ ಒಂದೇ ಒದ್ದಾಡಬೇಕು. ಕಾರ್ಡು ಹಳೆಯದಾಗಿದ್ದರೆ 64 ಅಲ್ಲ, 128 ಜಿಬಿ ಹಾಕಿದರೂ ಪ್ಲೇ ಒತ್ತಿದಾಗ ಹಾಗೇ ತಡವರಿಸುತ್ತದೆ. ಇದಕ್ಕೆ ಪ್ರಾಕ್ಸಿ, ಅಂದರೆ ಎಡಿಟಿಂಗ್ ಹೊತ್ತಿಗೆ ಮಾತ್ರ ಬಳಸುವ ಹಗುರ ನಕಲು, ಮಾಡಿಕೊಳ್ಳಿ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎಂಬ ಎರಡೂ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆ ಸೌಕರ್ಯ ಇದೆ. ರಾತ್ರಿ ಊಟಕ್ಕೆ ಹೋಗುವ ಮೊದಲು ಪ್ರಾಕ್ಸಿ ಆಗಲು ಬಿಟ್ಟು, ಬೆಳಗ್ಗೆ ಎಡಿಟಿಂಗ್‌ಗೆ ಕೂತರೆ ಕೆಲಸ ಸಲೀಸು.

ಇನ್ನು 64 ಜಿಬಿಯ ಮಾತು. ಪ್ರೀಮಿಯರ್‌ಗೆ ಎಚ್‌ಡಿ ಕೆಲಸಕ್ಕೆ 16, 4ಕೆ ಆದರೆ 32 ಅಥವಾ ಅದಕ್ಕಿಂತ ಹೆಚ್ಚು ಇರಲಿ ಅಂತ ಅಡೋಬಿಯೇ ಹೇಳುತ್ತದೆ. ಮದುವೆ ಮತ್ತು ಯಕ್ಷಗಾನದ ಕೆಲಸಕ್ಕೆ 32 ಸಾಕು ಎಂಬುದು ನನ್ನ ಅನುಭವ. ಮತ್ತೆ ಇಲ್ಲಿ ನಿಮಗೆ ಒಂದು ಒಳ್ಳೆಯ ಸಂಗತಿ ಇದೆ. ನಿಮ್ಮ ಮೆಷಿನಿಗೆ ನಾಲ್ಕು ಮೆಮೊರಿ ಚಾನೆಲ್ (ರ್ಯಾಮ್ ಮತ್ತು ಪ್ರೊಸೆಸರ್ ನಡುವೆ ಮಾಹಿತಿ ಓಡಾಡುವ ಬಾಗಿಲು), ಎಂಟು ಸ್ಲಾಟ್. ಎರಡೇ ಸ್ಟಿಕ್ ಇರುವಾಗ ನಾಲ್ಕು ಬಾಗಿಲಲ್ಲಿ ಎರಡು ಮುಚ್ಚಿಯೇ ಇರುತ್ತವೆ. ಈಗ ಇರುವಂಥದ್ದೇ 8 ಜಿಬಿಯ ಇನ್ನೆರಡು ಸ್ಟಿಕ್ ಸೇರಿಸಿದರೆ 32 ಜಿಬಿಯೂ ಆಯಿತು, ನಾಲ್ಕೂ ಬಾಗಿಲು ತೆರೆದ ಹಾಗೂ ಆಯಿತು. ಹಳೇ ಸ್ಟಿಕ್ ತೆಗೆದಿಡಬೇಕಾಗಿಲ್ಲ. ಮುಂದೆ ಸಾಲದೆ ಬಂದರೆ ಇನ್ನೂ ನಾಲ್ಕು ಸ್ಲಾಟ್ ಖಾಲಿ ಇರುತ್ತವೆ. 64 ಬೇಕೇ ಬೇಕು ಅಂತಿದ್ದರೆ 16ರ ನಾಲ್ಕು ಹಾಕಿ. 32ರ ಎರಡು ಹಾಕಿದರೆ ಮತ್ತೆ ಎರಡು ಬಾಗಿಲು ಮುಚ್ಚಿದಂತೆಯೇ.

ಆದರೆ ಅಂಗಡಿಗೆ ಹೋಗಿ ಸುಮ್ನೆ ಡಿಡಿಆರ್4 8 ಜಿಬಿ ಕೊಡಿ ಅಂತ ಕೇಳಬೇಡಿ. ಈ ಒಂದು ಮಾತಿಗೆ ನಾನು ದುಡ್ಡು ಕಳೆದುಕೊಂಡಿದ್ದೇನೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರ ಸಾಧಾರಣ ಡೆಸ್ಕ್‌ಟಾಪಿಗೆ ಅಂತ ಎರಡು ಸ್ಟಿಕ್ ತರಿಸಿದ್ದೆ. ಸ್ಲಾಟಿಗೆ ಸರಿಯಾಗಿಯೇ ಕೂತವು. ಕ್ಲಿಪ್ ಕೂಡ ಬಿದ್ದಿತು. ಪವರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮೂರು ಗಂಟೆ ಒದ್ದಾಡಿದ ಮೇಲೆ ಸ್ಟಿಕ್ಕಿನ ಮೇಲಿದ್ದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದೆ. ಪಿಸಿ4-2133ಪಿ-ಆರ್ ಅಂತ ಇತ್ತು. ಆ ಕೊನೆಯ ಆರ್ ಅಕ್ಷರವೇ ಸಮಸ್ಯೆ. ಅದು ರಿಜಿಸ್ಟರ್ಡ್ ರ್ಯಾಮ್, ಸರ್ವರ್ ಮತ್ತು ವರ್ಕ್‌ಸ್ಟೇಷನ್‌ಗಳಿಗೆ ಮಾಡಿದ್ದು. ಕಳಿಸಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ನಿಮ್ಮ ಝಡ್440ಕ್ಕೆ ಅದೇ ಆರ್ ಇರುವ ಸ್ಟಿಕ್ ಬೇಕು. ರಿಜಿಸ್ಟರ್ಡ್ ಇಸಿಸಿ ಡಿಡಿಆರ್4 ಅಂತ ಪೂರ್ತಿ ಹೇಳಿ ಕೇಳಿ. ಸಾಧಾರಣ ಡೆಸ್ಕ್‌ಟಾಪ್ ಸ್ಟಿಕ್ ಇದರಲ್ಲಿ ನಡೆಯುವುದಿಲ್ಲ. ಎರಡರಲ್ಲೂ 288 ಪಿನ್, ಕಚ್ಚು ಇರುವ ಜಾಗವೂ ಒಂದೇ, ಅದಕ್ಕೇ ಕಣ್ಣಿಗೆ ಗೊತ್ತಾಗುವುದಿಲ್ಲ. ಇಸಿಸಿ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು: ಸಾಧಾರಣ ರ್ಯಾಮ್ ಒಂದು ಸಲಕ್ಕೆ 64 ಬಿಟ್ ಸಾಗಿಸುತ್ತದೆ. ಇಸಿಸಿ ಅದರ ಜೊತೆ ಇನ್ನೂ 8 ಬಿಟ್ ಸೇರಿಸಿ 72 ಸಾಗಿಸುತ್ತದೆ, ಆ ಎಂಟರಿಂದ ತಪ್ಪು ಹಿಡಿದು ತಿದ್ದುತ್ತದೆ. ಅದಕ್ಕೆ ಚಿಪ್ ಜಾಸ್ತಿ ಬೇಕು, ಹೊಸದು ಕೊಂಡರೆ ರೇಟೂ ಜಾಸ್ತಿ.

ಹೊಸದೇ ಬೇಕು ಅಂತಿಲ್ಲ. ದೊಡ್ಡ ಕಂಪನಿಗಳು ಹಳೇ ಸರ್ವರ್ ತೆಗೆದುಹಾಕಿದಾಗ ಅದರಿಂದ ಕಳಚಿದ ರಿಜಿಸ್ಟರ್ಡ್ ಸ್ಟಿಕ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಮನೆ ಕಂಪ್ಯೂಟರಿಗೆ ಅವು ಆಗುವುದಿಲ್ಲ, ಹಾಗಾಗಿ ಕೊಳ್ಳುವವರು ಕಡಿಮೆ, ರೇಟೂ ಕಡಿಮೆ. ಝಡ್440, ಡೆಲ್ ಪ್ರಿಸಿಷನ್ ಟಿ5810 ಇಟ್ಟುಕೊಂಡವರಿಗೆ ಇದು ನಿಜವಾದ ಲಾಭ. ರ್ಯಾಮ್ ಸವೆಯುವ ವಸ್ತು ಅಲ್ಲ, ಚೆನ್ನಾಗಿರುವ ಹಳೇ ಸ್ಟಿಕ್ ವರ್ಷಗಟ್ಟಲೆ ನಡೆಯುತ್ತದೆ. ಕೊಳ್ಳುವಾಗ 15 ದಿನವಾದರೂ ಬದಲಿಸಿಕೊಡುವ ಮಾತು ಇರಲಿ. ಎಲ್‌ಆರ್‌ಡಿಐಎಂಎಂ ಅಂತ ಇನ್ನೊಂದು ಬಗೆ ಇದೆ, ಅದನ್ನು ನಿಮ್ಮಲ್ಲಿರುವ ಸ್ಟಿಕ್ಕಿನ ಜೊತೆ ಬೆರೆಸಲು ಆಗುವುದಿಲ್ಲ, ತರಬೇಡಿ.

ಹೊಸ ಡಿಡಿಆರ್5 ಮೆಷಿನ್ ಇರುವವರಿಗೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಅಲ್ಲಿ ನಾಲ್ಕು ಸ್ಲಾಟ್ ಇದ್ದರೂ ಎರಡೇ ತುಂಬಿಸುವುದು ಒಳ್ಳೆಯದು. ಉದಾಹರಣೆಗೆ ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳಲ್ಲಿ ಎರಡು ಸ್ಟಿಕ್ ಇದ್ದರೆ ಕಂಪನಿ ಒಪ್ಪಿಕೊಂಡ ವೇಗ 5200, ನಾಲ್ಕು ತುಂಬಿಸಿದರೆ 3600. ಈಗ 16ರ ಎರಡು ಹಾಕಿ, ಮುಂದಿನ ವರ್ಷ ಇನ್ನೆರಡು ಸೇರಿಸೋಣ ಅಂದುಕೊಂಡವರು ವೇಗ ಕಳೆದುಕೊಳ್ಳುತ್ತಾರೆ, ಇಲ್ಲವೇ ಹಳೇದನ್ನು ಮಾರಿ 32ರ ಜೋಡಿ ಕೊಳ್ಳುತ್ತಾರೆ. 64 ಬೇಕು ಅಂತ ಖಚಿತ ಇದ್ದವರು ಮೊದಲೇ 32ರ ಎರಡು ಹಾಕಿಸಿಕೊಂಡರೆ ಒಟ್ಟು ಖರ್ಚು ಕಡಿಮೆ.

ಮ್ಯಾಕ್ ಬಗ್ಗೆಯೂ ಕೆಲವರು ಕೇಳುತ್ತಾರೆ. 2019ರ ಮ್ಯಾಕ್ ಪ್ರೊ 5,999 ಡಾಲರಿನಿಂದ ಶುರುವಾಗುತ್ತಿತ್ತು. ಅದಕ್ಕೆ ಆಪಲ್‌ನಿಂದಲೇ 1.5 ಟಿಬಿ ರ್ಯಾಮ್ ಹಾಕಿಸಿದರೆ ರ್ಯಾಮ್‌ಗೆ ಮಾತ್ರ 25,000 ಡಾಲರ್. ಆದರೂ ಆ ಮೆಷಿನಿನಲ್ಲಿ ಸ್ಲಾಟ್ ಇತ್ತು, ಹೊರಗಿನಿಂದ ತಂದು ಹಾಕಬಹುದಿತ್ತು. ಈಗಿನ ಮ್ಯಾಕ್ ಸ್ಟುಡಿಯೊಗೆ ಅದೂ ಇಲ್ಲ. ಕೊಳ್ಳುವ ದಿನ ಎಷ್ಟು ಆರಿಸಿದಿರೋ ಅಷ್ಟೇ.

ಮಂಗಳೂರಿಗೆ ಹೋಗಿ ತರುವವರು ಒಂದು ವಿಷಯ ಗಮನಿಸಿ. ಗಡಿಯಲ್ಲಿರುವ ನಮಗೆ ಇದು ದುಡ್ಡಿನ ಪ್ರಶ್ನೆ. ರ್ಯಾಮ್ ಮೇಲೆ ಜಿಎಸ್‌ಟಿ ಶೇ. 18. ನಿಮ್ಮ ಸ್ಟುಡಿಯೊಗೆ ಕೇರಳದಲ್ಲಿ ಜಿಎಸ್‌ಟಿ ನೋಂದಣಿ ಇದ್ದರೆ ಆ ದುಡ್ಡನ್ನು ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ಪಡೆಯಬಹುದು. ಆದರೆ ಮಂಗಳೂರಿನ ಬಿಲ್ಲಿನಲ್ಲಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಮಾಲಿನ ತೆರಿಗೆ) ಅಂತ ಬಂದಿರಬೇಕು. ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಪಾಲಾಗಿ ಬಂದರೆ ಕೇರಳದ ನೋಂದಣಿಗೆ ಕ್ರೆಡಿಟ್ ಸಿಗುವುದಿಲ್ಲ. 20,000 ರೂಪಾಯಿಯ ಮಾಲಿಗೆ 3,600 ರೂಪಾಯಿ ತೆರಿಗೆ. ಮಂಗಳೂರಿನಲ್ಲಿ 500 ರೂಪಾಯಿ ಕಮ್ಮಿ ಅಂತ ಬಸ್ಸು ಹತ್ತಿ ಹೋಗಿ ಇಷ್ಟನ್ನು ಬಿಟ್ಟು ಬರುವುದು ಬೇಡ, ಅಲ್ವಾ? ಹೊರಡುವ ಮೊದಲು ನಿಮ್ಮ ಲೆಕ್ಕ ನೋಡುವವರನ್ನೂ ಅಂಗಡಿಯವರನ್ನೂ ಫೋನಿನಲ್ಲಿ ಕೇಳಿಬಿಡಿ. ಹೊಸ ಸ್ಟಿಕ್ ಆದರೆ ಬಿಲ್ಲು ಜೋಪಾನ, ಹಲವು ಬ್ರ್ಯಾಂಡ್‌ಗಳು ಜೀವಾವಧಿ ವಾರಂಟಿ ಕೊಡುತ್ತವೆ.

ಹಾಕುವ ಕೆಲಸಕ್ಕೆ ಯಾರಿಗೂ ಕೂಲಿ ಕೊಡಬೇಕಾಗಿಲ್ಲ. ಗುಡುಗು ಮಿಂಚು ಇಲ್ಲದ ಹೊತ್ತು ನೋಡಿ ಪವರ್ ಕೇಬಲ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ. ಹಳೇ ಸ್ಟಿಕ್ ತೆಗೆದು ಚಿನ್ನದ ಬಣ್ಣದ ಅಂಚನ್ನು ನೋಡಿ. ನಮ್ಮ ಕರಾವಳಿಯ ಗಾಳಿಗೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಮಂಕಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ. ಹೊಸ ರ್ಯಾಮ್ ಬೇಕು ಅಂತ ಬಂದ ಕೆಲವು ಮೆಷಿನ್‌ಗಳು ಇಷ್ಟರಲ್ಲೇ ಸರಿಯಾದದ್ದನ್ನು ನೋಡಿದ್ದೇನೆ. ಯಾವ ಸ್ಲಾಟಿಗೆ ಮೊದಲು ಹಾಕಬೇಕು ಅಂತ ಮ್ಯಾನುವಲ್‌ನಲ್ಲಿ ಚಿತ್ರ ಇದೆ, ಅದೇ ಕ್ರಮ ಹಿಡಿಯಿರಿ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಅಂತ ಕೇಳಬೇಕು. ಝಡ್440 ಐದು ಸಲ ಬೀಪ್ ಮಾಡಿ ಕೆಂಪು ದೀಪ ಮಿನುಗಿಸಿದರೆ ಗಾಬರಿ ಬೇಡ, ಸ್ಟಿಕ್ ಸರಿಯಾಗಿ ಕೂತಿಲ್ಲ ಅಥವಾ ಬಗೆ ಸರಿ ಇಲ್ಲ ಅಂತ ಅರ್ಥ. ತೆಗೆದು ಮತ್ತೆ ಕೂರಿಸಿ.

32 ಜಿಬಿ ಕಾಣಿಸಿದ ಮೇಲೂ ಕೂಡಲೇ ಕೆಲಸಕ್ಕೆ ಇಳಿಯಬೇಡಿ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ಸಾಫ್ಟ್‌ವೇರನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿ ಓಡಲು ಬಿಡಿ. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಆ ಸ್ಟಿಕ್ಕನ್ನು ಅಂಗಡಿಗೆ ವಾಪಸ್ ಕೊಡಿ.